ಬೆಲ್ಟ್ ಒಂದೇ, ಆಯಸ್ಸು ಎರಡು!

ತಕ್ಕಡಿಗೆ ಮುದ್ರೆ ಹಾಕಿಸೋ ಖರ್ಚು ವ್ಯಾಪಾರಿಗಳಿಗೆ ಹೊಸದಲ್ಲ. ಪರೀಕ್ಷೆಯಲ್ಲಿ ಸರಿ ಬಂದರೆ ಅದೇ ತಕ್ಕಡಿ ಮತ್ತೆ ನಡೆಯುತ್ತೆ. ಅಮೆರಿಕದ ಕಾರ್ ರೇಸಿನ ಸೀಟ್ ಬೆಲ್ಟಿಗೆ ಆ ಭಾಗ್ಯವಿಲ್ಲ.

ಅಲ್ಲಿನ ಎಸ್.ಎಫ್.ಐ. ಸಂಸ್ಥೆಯ ಚೀಟಿ ಇರುವ ಬೆಲ್ಟಿಗೆ ತಯಾರಾದಂದಿನಿಂದ 2 ವರ್ಷ. ಆಮೇಲೆ ಕಂಪನಿಗೇ ವಾಪಸ್ ಕಳಿಸಿ ಹೊಸ ಪಟ್ಟಿ ಹೊಲಿಸಬೇಕು, ಇಲ್ಲ ಹೊಸದೇ ಕೊಳ್ಳಬೇಕು. ಅಂತಾರಾಷ್ಟ್ರೀಯ ಒಕ್ಕೂಟ ಎಫ್.ಐ.ಎ. ಹಳೇ ಮಾದರಿಗೆ 5 ವರ್ಷ ಕೊಟ್ಟಿದೆ, 2016ರ ಮಾದರಿಗೂ ಎರಡಕ್ಕಿಂತ ಹೆಚ್ಚು ವರ್ಷ. ಮಜಾ ಏನೆಂದರೆ, ಎಷ್ಟೋ ಬೆಲ್ಟುಗಳ ಮೇಲೆ ಎರಡೂ ಚೀಟಿ ಇರುತ್ತವೆ! ಒಂದರ ಪ್ರಕಾರ ಸತ್ತ ಬೆಲ್ಟು, ಇನ್ನೊಂದರ ಪ್ರಕಾರ ಗಟ್ಟಿಮುಟ್ಟು.

ಬಿಸಿಲಿಗೆ ನೂಲು ಸೊರಗೋದು ನಿಜ. ಆದರೆ 2001ರಲ್ಲಿ ಡೇಟೋನಾದಲ್ಲಿ ಡೇಲ್ ಅರ್ನ್‌ಹಾರ್ಟ್ ಸತ್ತಾಗ ಹರಿದಿದ್ದ ಬೆಲ್ಟಿನ ಬಗ್ಗೆ ನಾಸ್ಕಾರ್ ತನಿಖೆ ಹೇಳಿದ್ದು, ಪಟ್ಟಿ ಕೊಂಡಿಯ ಮೂಲೆಗೆ ಸರಿದಿತ್ತು ಅಂತ. ಇಂಥದ್ದನ್ನ ಹಿಡಿಯೋದು ಕಣ್ಣಿಟ್ಟು ನೋಡುವ ಇನ್ಸ್‌ಪೆಕ್ಟರು, ಚೀಟಿಯ ತಾರೀಖಲ್ಲ.

ದೊಡ್ಡ ತಂಡಗಳಿಗೆ ಇದು ಕಡಲೆಕಾಯಿ ಖರ್ಚು. ವಾರವಿಡೀ ಗ್ಯಾರೇಜಿನಲ್ಲಿ ದುಡಿದು ಭಾನುವಾರ ಓಡಿಸೋ ಹುಡುಗನ ಜೇಬಿಗೇ ಕತ್ತರಿ. ಎಫ್.ಐ.ಎ. ಚೀಟಿಯನ್ನ ಒಪ್ಪೋ ಕ್ಲಬ್ಬುಗಳು ಅಲ್ಲೇ ಇವೆ. ಉಳಿದವಕ್ಕೇನು ಧಾಡಿ?