ವಸ್‌ವಾಸ್ ತಖ್ವಾ ಅಲ್ಲ

ವುಝೂಗೆ ಕುಳಿತವನು ಅರ್ಧ ಗಂಟೆಯಾದರೂ ನಲ್ಲಿಯ ಬಳಿಯಿಂದ ಏಳುವುದಿಲ್ಲ. ಮೊಣಕೈ ನೆನೆಯಿತೋ ಇಲ್ಲವೋ ಎಂಬ ಸಂಶಯ. ತೊಳೆದಷ್ಟೂ ಅದು ಬೆಳೆಯುತ್ತದೆ. ಇದನ್ನು ಕಂಡು ‘ಎಂಥ ತಖ್ವಾ!’ ಎಂದು ತಲೆದೂಗುವವರು ನಮ್ಮಲ್ಲಿದ್ದಾರೆ. ಈ ಹೊಗಳಿಕೆ ರೋಗಿಗೆ ಬಗೆಯುವ ದ್ರೋಹ. ಪ್ರವಾದಿ ಮುಹಮ್ಮದ್(ಸ) ಒಂದು ಮುದ್ದ್, ಅಂದರೆ ಒಂದು ಲೀಟರಿನ ಆಸುಪಾಸಿನ ನೀರಿನಲ್ಲಿ ವುಝೂ ಮಾಡುತ್ತಿದ್ದರೆಂದು ಬುಖಾರಿ, ಮುಸ್ಲಿಮ್ ಗ್ರಂಥಗಳಲ್ಲಿದೆ. ಅದಕ್ಕಿಂತ ಮಿಗಿಲಾದ ಶುದ್ಧಿ ಯಾರಿಗೆ ಬೇಕು?

ವೈದ್ಯರು ಇದನ್ನು ಗೀಳು ಮನೋರೋಗ, ಓಸಿಡಿ ಎನ್ನುತ್ತಾರೆ. ಅದು ನಮಾಝಿನಲ್ಲಷ್ಟೇ ನಿಲ್ಲುವುದಿಲ್ಲ. ಹಟ್ಟಿಯಂತಹ ಚಿನ್ನದ ಗಣಿಯ ಊರಿನಲ್ಲಿ ದುಡಿಮೆ ಪಾಳಿಯ ಲೆಕ್ಕದಲ್ಲಿ ನಡೆಯುತ್ತದೆ. ಬೀಗವನ್ನು ಹತ್ತು ಸಲ ಎಳೆದು ನೋಡಿಯೂ ಅರ್ಧದಾರಿಯಿಂದ ಮರಳುವವನು ಪಾಳಿ ತಪ್ಪಿಸಿಕೊಳ್ಳುತ್ತಾನೆ. ಬೇಸಿಗೆಯಲ್ಲಿ ಕೊಡ ನೀರಿಗೂ ಪರದಾಡುವ ಈ ಸೀಮೆಯಲ್ಲಿ, ಮನೆಯ ನೀರೆಲ್ಲ ಒಬ್ಬ ಸೊಸೆಯ ಕೈ ತೊಳೆಯಲಿಕ್ಕೇ ಮುಗಿದರೆ? ಆಕೆಯ ಕೈ ಬಿರಿದು ರಕ್ತ ಒಸರುತ್ತದೆ. ಅತ್ತೆ ‘ಹಟ’ ಎನ್ನುತ್ತಾಳೆ, ನೆರೆಯವರು ‘ಜಿನ್ನ್’ ಎನ್ನುತ್ತಾರೆ, ಕೆಲವರು ‘ಈಮಾನ್ ದುರ್ಬಲ’ ಎಂದು ತೀರ್ಪು ಕೊಡುತ್ತಾರೆ.

ಇದು ಯಾವ ನ್ಯಾಯ? ನಾಲಿಗೆಗೆ ತರಲಾಗದ ಆಲೋಚನೆಗಳು ಬರುತ್ತವೆಂದು ಸಹಾಬಿಗಳು ತೋಡಿಕೊಂಡಾಗ ಪ್ರವಾದಿ(ಸ) ಗದರಲಿಲ್ಲ. ಆ ಅಂಜಿಕೆಯನ್ನೇ ಈಮಾನಿನ ಗುರುತೆಂದರು. 934ರಲ್ಲಿ ನಿಧನರಾದ ಅಬೂ ಝೈದ್ ಅಲ್-ಬಲ್ಖಿ, ಬಿಡದೆ ಕಾಡುವ ಆಲೋಚನೆಗಳನ್ನು ಮನಸ್ಸಿನ ಕಾಯಿಲೆಗಳಲ್ಲಿ ಸೇರಿಸಿ ಚಿಕಿತ್ಸೆಯನ್ನೂ ಬರೆದರು. ನಾವಿನ್ನೂ ತಾಯಿತ ಹುಡುಕುತ್ತಿದ್ದೇವೆ!

‘ಸರಿಯಾಗಿದೆ’ ಎಂದು ಮನೆಯವರು ನೂರು ಸಲ ಸಮಾಧಾನ ಹೇಳುವುದೂ ಈ ರೋಗಕ್ಕೆ ಮೇವು. ಸಂಶಯವಿದ್ದರೂ ಮತ್ತೆ ತೊಳೆಯದಿರಲು ಹಂತಹಂತವಾಗಿ ಕಲಿಸುವ ಚಿಕಿತ್ಸೆಯಿದೆ, ಔಷಧಿಯಿದೆ. ಸರಕಾರದ ಟೆಲಿ ಮಾನಸ್ ಸೇವೆಯ ಸಂಖ್ಯೆ 14416. ಕರೆ ಉಚಿತ, ಕನ್ನಡದಲ್ಲೇ ಮಾತನಾಡಬಹುದು.