ಕ್ಷಮೆ ಯಾರ ಹಕ್ಕು?

ಸಿಯಾಟಲ್‌ನ ದಕ್ಷಿಣಕ್ಕೆ, ಕೆಂಟ್ ಪಟ್ಟಣದ ಬದಿಯಲ್ಲಿ ಗ್ರೀನ್ ನದಿ ಹರಿಯುತ್ತದೆ. ಅದರ ದಂಡೆಯ ಹಾದಿ ಇಂದು ಸಂಜೆಯ ನಡಿಗೆಗೂ ಸೈಕಲ್ ಸವಾರಿಗೂ ಹೆಸರಾದದ್ದು. 1982ರ ಬೇಸಿಗೆಯಲ್ಲಿ ಇದೇ ನದಿಯಲ್ಲಿ ಒಂದರ ಹಿಂದೊಂದು ಯುವತಿಯರ ಶವಗಳು ಸಿಕ್ಕವು. ಅವರನ್ನು ಕೊಂದ ಗ್ಯಾರಿ ರಿಡ್ಜ್‌ವೇ ಸೆರೆಸಿಕ್ಕಿದ್ದು 2001ರ ನವೆಂಬರ್‌ನಲ್ಲಿ. ಎರಡು ವರ್ಷಗಳ ನಂತರ ಅವನು 48 ಕೊಲೆಗಳನ್ನು ಒಪ್ಪಿಕೊಂಡ.

2003ರ ಡಿಸೆಂಬರ್ 18ರಂದು, ಶಿಕ್ಷೆ ಪ್ರಕಟವಾಗುವ ಮುನ್ನ, ಸತ್ತವರ ಬಂಧುಗಳು ನ್ಯಾಯಾಲಯದಲ್ಲಿ ಒಬ್ಬೊಬ್ಬರಾಗಿ ಎದ್ದು ಮಾತನಾಡಿದರು. ಶಾಪಗಳನ್ನು ಅವನು ನಿರ್ವಿಕಾರನಾಗಿ ಕೇಳುತ್ತಿದ್ದ. ಆಗ ಬಿಳಿಗಡ್ಡದ ತಂದೆಯೊಬ್ಬರು ಎದ್ದರು. ಅವರ ಮಗಳಿಗೆ ಸಾಯುವಾಗ ಹದಿನಾರು ವರ್ಷ. ಇಲ್ಲಿರುವ ಅನೇಕರು ನಿನ್ನನ್ನು ದ್ವೇಷಿಸುತ್ತಾರೆ, ನಾನು ಅವರಲ್ಲೊಬ್ಬನಲ್ಲ ಎಂದರು. ತಮ್ಮ ನಂಬಿಕೆಯಂತೆ ಬದುಕುವುದನ್ನು ಅವನು ಕಠಿಣಗೊಳಿಸಿದ್ದಾನೆ, ಆದರೂ ದೇವರು ಎಲ್ಲರನ್ನೂ ಕ್ಷಮಿಸೆನ್ನುತ್ತಾನೆ ಎಂದು ಹೇಳಿ ಅವನನ್ನು ಕ್ಷಮಿಸಿದರು. ರಿಡ್ಜ್‌ವೇ ಕಣ್ಣೀರಿಟ್ಟ.

ಈ ಪ್ರಸಂಗವನ್ನು ನೆನೆಯುವವರು ಹೆಚ್ಚಾಗಿ ಕೊಲೆಗಾರನ ಕಣ್ಣೀರನ್ನು ನೆನೆಯುತ್ತಾರೆ. ಆದರೆ ಅಲ್ಲಿ ಬಿಡುಗಡೆ ಹೊಂದಿದ್ದು ಅವನಲ್ಲ, ಆ ತಂದೆ. ದ್ವೇಷವೂ ಒಂದು ಬಂಧ. ದ್ವೇಷಿಸುವವನು ಹಂತಕನನ್ನು ದಿನವೂ ತನ್ನ ಮನೆಯೊಳಗೇ ಇಟ್ಟುಕೊಂಡು ಬಾಳಬೇಕಾಗುತ್ತದೆ. ಏಳು ಬಾರಿ ಕ್ಷಮಿಸಿದರೆ ಸಾಕೇ ಎಂದು ಪೇತ್ರನು ಕೇಳಿದಾಗ ಯೇಸು ಎಪ್ಪತ್ತೇಳರ ಲೆಕ್ಕ ಹೇಳಿದ್ದು, ಲೆಕ್ಕವಿಡುವುದನ್ನೇ ಬಿಡಿಸುವುದಕ್ಕೆ.

ಆದರೆ ಆ ಕ್ಷಮೆಗೆ ಮೊದಲು ಏನೇನಾಗಿತ್ತು ಎಂಬುದನ್ನು ಮರೆಯಬಾರದು. ಮರಣದಂಡನೆಯನ್ನು ಕೋರದಿರುವುದಕ್ಕೆ ಬದಲಾಗಿ ಪ್ರತಿ ಕೊಲೆಯ ಸತ್ಯ ಹೊರಬರಬೇಕೆಂದು ಕಿಂಗ್ ಕೌಂಟಿಯ ಪ್ರಾಸಿಕ್ಯೂಟರ್ ನಾರ್ಮ್ ಮೇಲೆಂಗ್ ಕರಾರು ಮಾಡಿಕೊಂಡಿದ್ದರು. ಕ್ಷಮೆ ಜೈಲಿನ ಬಾಗಿಲನ್ನು ತೆರೆಯಲಿಲ್ಲ. ಪೆರೋಲ್ ಇಲ್ಲದ 48 ಜೀವಾವಧಿ ಶಿಕ್ಷೆಗಳು ವಿಧಿಸಲ್ಪಟ್ಟವು. ಎಲ್ಲಕ್ಕಿಂತ ಮುಖ್ಯವಾಗಿ, ಕ್ಷಮಿಸೆಂದು ಆ ತಂದೆಯನ್ನು ಯಾವ ಅಧಿಕಾರವೂ ಒತ್ತಾಯಿಸಿರಲಿಲ್ಲ.

ಭಾರತದಲ್ಲಿ ಗ್ಲಾಡಿಸ್ ಸ್ಟೇನ್ಸ್ ನಡೆದದ್ದೂ ಇದೇ ದಾರಿ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಪತಿ ಗ್ರಹಾಂ ಮತ್ತು ಇಬ್ಬರು ಎಳೆಯ ಮಕ್ಕಳನ್ನು ವಾಹನದಲ್ಲೇ ಸುಟ್ಟವರನ್ನು ಅವರು ಕ್ಷಮಿಸಿದರು. ಕಾನೂನು ತನ್ನ ಹಾದಿಯಲ್ಲಿ ಸಾಗಿತು; ದಾರಾ ಸಿಂಗ್‌ನ ಜೀವಾವಧಿ ಶಿಕ್ಷೆಯನ್ನು 2011ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು.

ಕರ್ನಾಟಕದಲ್ಲಿ ಕ್ರಮ ಬೇರೆಯಾಯಿತು. 2008ರ ಸೆಪ್ಟೆಂಬರ್‌ನಲ್ಲಿ ಮಂಗಳೂರು ಮತ್ತಿತರ ಕಡೆ ಚರ್ಚುಗಳ ಮೇಲೆ ದಾಳಿ ನಡೆಯಿತು. ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಆಯೋಗದ 2011ರ ವರದಿ ಸರ್ಕಾರವನ್ನೂ ಪ್ರಮುಖ ಸಂಘಟನೆಗಳನ್ನೂ ದೋಷಮುಕ್ತಗೊಳಿಸಿತು. ಕ್ರೈಸ್ತ ಮುಖಂಡರು ಅದನ್ನು ಒಪ್ಪಲಿಲ್ಲ. ಸತ್ಯವೇ ವಿವಾದದಲ್ಲಿರುವಾಗ 'ಆದದ್ದಾಯಿತು, ಮರೆತುಬಿಡಿ' ಎನ್ನುವುದು ಕ್ಷಮೆಯ ಉಪದೇಶವಲ್ಲ, ಬಲಾಢ್ಯರ ಅನುಕೂಲ. ಹೆಣ್ಣಿಗೆ ಭೂಮಿತೂಕದ ಸಹನೆಯನ್ನು ಬೋಧಿಸಿದವರೂ, ದಲಿತರಿಗೆ ಹಳೆಯದನ್ನು ಕೆದಕಬೇಡಿರೆಂದವರೂ ಮಾಡಿದ್ದು ಇದನ್ನೇ.

ಗ್ರೀನ್ ನದಿಯಲ್ಲಿ ಬಲಿಯಾದವರಲ್ಲಿ ಅನೇಕರು ಮನೆಬಿಟ್ಟ ಹುಡುಗಿಯರು, ಬೀದಿಯಲ್ಲಿ ಮೈಮಾರಿ ಬದುಕುತ್ತಿದ್ದವರು. ಬದುಕಿದ್ದಾಗ ಅವರನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಸಮಾಜ ಆ ತಂದೆಯ ಕ್ಷಮೆಯಲ್ಲಿ ಪಾಲು ಕೇಳುವಂತಿಲ್ಲ. ಅವರು ಕ್ಷಮಿಸಿದ್ದು ತಮ್ಮ ನಷ್ಟವನ್ನು ಮಾತ್ರ. ಅಂದು ಕ್ಷಮಿಸಲಾರದೆ ಮನೆಗೆ ಮರಳಿದ ತಾಯಂದಿರೂ ಸಣ್ಣವರಲ್ಲ. ಕೊಡಲೂ ಕೊಡದಿರಲೂ ಹಕ್ಕಿರುವಲ್ಲಿ ಮಾತ್ರ ಕ್ಷಮೆ ಬಿಡುಗಡೆಯಾಗುತ್ತದೆ. ಬೇಡಿಕೆಯಾದೊಡನೆ ಅದು ಇನ್ನೊಂದು ಸೆರೆ.