ಏಳು ದಿನದಲ್ಲಿ ಪೈಥಾನ್, ತಿಂಗಳಿಗೆ ಐವತ್ತು ಸಾವಿರ: ಈ ಫಾರ್ವರ್ಡ್‌ನಲ್ಲಿ ನಿಜ ಎಷ್ಟು?

"ಏಳೇ ದಿನದಲ್ಲಿ ಪೈಥಾನ್ ಕಲಿಯಿರಿ, ಮನೆಯಲ್ಲೇ ಕೂತು ತಿಂಗಳಿಗೆ ಐವತ್ತು ಸಾವಿರ ಗಳಿಸಿ, ನೋಂದಣಿಗೆ ಇಷ್ಟು ಕಟ್ಟಿ." ಈ ಧಾಟಿಯ ಸಂದೇಶ ನಿಮ್ಮ ವಾಟ್ಸಾಪ್ ಗ್ರೂಪಿಗೂ ಬಂದಿರಬಹುದು. ಪಿಯುಸಿ ಮುಗಿಸಿದ ಮಕ್ಕಳಿರುವ ಮನೆಯಲ್ಲಿ ಹಣ ಕಟ್ಟಿಬಿಡೋಣ ಎನಿಸುವುದು ಸಹಜ. ಅದಕ್ಕೂ ಮೊದಲು ಪೈಥಾನ್ ಏನೆಂದು ನೋಡೋಣ.

ಹೆಸರು ಹೆಬ್ಬಾವಿನದಲ್ಲ. ನೆದರ್‌ಲ್ಯಾಂಡ್ಸ್‌ನ ಗೀಡೋ ವಾನ್ ರಾಸಮ್ 1989ರ ಕ್ರಿಸ್‌ಮಸ್ ರಜೆಯಲ್ಲಿ ಶುರುಮಾಡಿ 1991ರಲ್ಲಿ ಹೊರತಂದ ಈ ಭಾಷೆಗೆ 'ಮಾಂಟಿ ಪೈಥಾನ್' ಎಂಬ ಬ್ರಿಟಿಷ್ ಹಾಸ್ಯ ಕಾರ್ಯಕ್ರಮದ ಹೆಸರಿಟ್ಟರು. ಅದು ಪೂರ್ತಿ ಉಚಿತ. ಪೈಥಾನ್ ಡಾಟ್ ಆರ್ಗ್ ತಾಣದಿಂದ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಕಲಿಸುವವರು ಶುಲ್ಕ ಕೇಳುವುದು ತಪ್ಪಲ್ಲ, ಆದರೆ "ಪೈಥಾನ್ ಲೈಸೆನ್ಸ್ ಫೀಸು" ಎಂದು ಕೇಳಿದರೆ ಅದು ಸುಳ್ಳು.

ಗಣಿತದಲ್ಲಿ ಜಾಣರಿಗೆ ಮಾತ್ರ ಎನ್ನುವುದೂ ಅರ್ಧ ಸತ್ಯ. ರಾಮನಾಥಪುರದ ಕಡೆಯ ಒಂದು ಲೆಕ್ಕ ತೆಗೆದುಕೊಳ್ಳಿ. ಒಂದು ಪಹಣಿಯಲ್ಲಿ 2 ಎಕರೆ 25 ಗುಂಟೆ, ಇನ್ನೊಂದರಲ್ಲಿ 1 ಎಕರೆ 30 ಗುಂಟೆ. ಕ್ಯಾಲ್ಕುಲೇಟರಿನಲ್ಲಿ 2.25ಕ್ಕೆ 1.30 ಕೂಡಿದರೆ 3.55 ಬರುತ್ತದೆ, ಅದು ತಪ್ಪು. ಎಕರೆಗೆ 40 ಗುಂಟೆಯಾದ್ದರಿಂದ ಎಲ್ಲವನ್ನೂ ಗುಂಟೆಗೆ ತಂದು ಕೂಡಬೇಕು. ಪೈಥಾನ್‌ನಲ್ಲಿ ಹೀಗೆ:

ಒಟ್ಟು = 105 + 70
ಎಕರೆ = ಒಟ್ಟು // 40
ಗುಂಟೆ = ಒಟ್ಟು % 40

ಎರಡು ಓರೆಗೆರೆ ಎಂದರೆ ಭಾಗಿಸಿ ಪೂರ್ಣಸಂಖ್ಯೆ ಮಾತ್ರ ಕೊಡು, ಶೇಕಡಾ ಚಿಹ್ನೆ ಎಂದರೆ ಶೇಷ ಕೊಡು. ಉತ್ತರ 4 ಎಕರೆ 15 ಗುಂಟೆ. ಈ ಮೂರು ಸಾಲು ಹೀಗೇ, ಕನ್ನಡದಲ್ಲೇ, ಓಡುತ್ತವೆ. ಪೈಥಾನ್ 3ರಲ್ಲಿ ನಾವಿಡುವ ಹೆಸರುಗಳು ಕನ್ನಡದಲ್ಲಿರಬಹುದು. ಇಂಗ್ಲಿಷ್‌ನಲ್ಲೇ ಬರೆಯಬೇಕಾದ ಮೀಸಲು ಪದಗಳು 35 ಮಾತ್ರ, 'ಇಫ್', 'ಫಾರ್', 'ವೈಲ್' ಇತ್ಯಾದಿ. 'ಪ್ರಿಂಟ್'ನಂಥ ಸಿದ್ಧ ಆಜ್ಞೆಗಳೂ ಇಂಗ್ಲಿಷೇ. ದೋಷ ಬಂದಾಗ ಕಾಣುವ ಸಂದೇಶವೂ ಇಂಗ್ಲಿಷ್, ಹಾಗಾಗಿ ಓದುವಷ್ಟು ಇಂಗ್ಲಿಷ್ ಬೇಕೇ ಬೇಕು.

ಹೊಸಬರು ಎಡವುವ ಜಾಗ ಬೇರೆ. ಬಳಕೆದಾರರಿಂದ ಪಡೆದ ಅಂಕಿಯನ್ನು ಪೈಥಾನ್ ಅಕ್ಷರವೆಂದೇ ಇಟ್ಟುಕೊಳ್ಳುತ್ತದೆ. 25ಕ್ಕೆ 30 ಕೂಡಿಸು ಎಂದರೆ 55ರ ಬದಲು 2530 ಎಂದು ಅಂಟಿಸಿಕೊಡುತ್ತದೆ! 'ಇಂಟ್' ಎಂಬ ಆಜ್ಞೆಯಿಂದ ಸಂಖ್ಯೆಯಾಗಿ ಬದಲಿಸಿದರೆ ಸರಿಯಾಗುತ್ತದೆ. ಬಳಕೆದಾರರು '೨೫' ಎಂದು ಕನ್ನಡ ಅಂಕಿಯಲ್ಲಿ ಕೊಟ್ಟರೂ ಅದು 25 ಎಂದು ಓದಿಕೊಳ್ಳುತ್ತದೆ. ಇನ್ನೊಂದು, ಸಾಲಿನ ಆರಂಭದಲ್ಲಿ ಬಿಡುವ ಖಾಲಿ ಜಾಗ ಇಲ್ಲಿ ಅಂದಕ್ಕಲ್ಲ, ವ್ಯಾಕರಣದ ಭಾಗ. ಸಾಮಾನ್ಯವಾಗಿ ನಾಲ್ಕು ಸ್ಪೇಸ್.

ಊರಿನ ತಂಬಾಕು ಹರಾಜಿನಲ್ಲಿ ಒಂದೊಂದು ಬೇಲಿಗೆ ಒಂದೊಂದು ದರ ಸಿಕ್ಕಾಗ, ಪ್ರತಿ ತೂಕವನ್ನೂ ಅದರ ದರದಿಂದ ಗುಣಿಸಿ ಮೊತ್ತಕ್ಕೆ ಸೇರಿಸುತ್ತ ಹೋಗಬೇಕು. ಒಂದೇ ಕೆಲಸವನ್ನು ಹೀಗೆ ಮತ್ತೆ ಮತ್ತೆ ಮಾಡಿಸಲು ಇರುವುದೇ 'ಫಾರ್'. ಇದು ಅರ್ಥವಾದರೆ ಮೊದಲ ಮೆಟ್ಟಿಲು ಹತ್ತಿದಂತೆಯೇ.

ಇಷ್ಟನ್ನು ಒಂದು ವಾರದಲ್ಲಿ ನೋಡಿ ಮುಗಿಸಬಹುದು, ಫಾರ್ವರ್ಡ್‌ನಲ್ಲಿರುವ ನಿಜ ಅಷ್ಟೇ. ಅಲ್ಲಿಂದ ಕೆಲಸ ಸಿಗುವ ಮಟ್ಟಕ್ಕೆ ತಿಂಗಳುಗಟ್ಟಲೆ ಅಭ್ಯಾಸ ಬೇಕು, ಸಂಬಳದ ಖಾತ್ರಿಯನ್ನಂತೂ ಯಾವ ಕೋರ್ಸೂ ಕೊಡಲಾರದು. ಲ್ಯಾಪ್‌ಟಾಪ್ ಇಲ್ಲವೆಂದು ಕಾಯಬೇಕಿಲ್ಲ. ಆಂಡ್ರಾಯ್ಡ್ ಫೋನಿಗೆ ಪೈಡ್ರಾಯ್ಡ್ ಆ್ಯಪ್ ಇದೆ, ಬ್ರೌಸರಿನಲ್ಲಿ ಗೂಗಲ್ ಕೊಲ್ಯಾಬ್ ಇದೆ. ಎನ್‌ಸಿಇಆರ್‌ಟಿಯ 11 ಮತ್ತು 12ನೇ ತರಗತಿಯ ಕಂಪ್ಯೂಟರ್ ಸೈನ್ಸ್ ಪುಸ್ತಕಗಳು ಪೈಥಾನನ್ನೇ ಕಲಿಸುತ್ತವೆ, ಅವನ್ನು ಪುಕ್ಕಟೆಯಾಗಿ ಇಳಿಸಿಕೊಳ್ಳಬಹುದು.

ಕೆಲಸದ ಆಸೆ ತೋರಿಸಿದವರಿಗೆ ಈಗಾಗಲೇ ಹಣ ಕಳಿಸಿ ಮೋಸ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆಯ ದೂರು ಕೊಡುವ ಸರ್ಕಾರಿ ಸಹಾಯವಾಣಿ.